ಮಾವನವರ ತೂಕ ಮತ್ತೆ ಏರಿಸಿದ್ದು

ಟಿಬಿಯಲ್ಲಿ ಇಳಿದ ಮೈ ಈ ವಯಸ್ಸಲ್ಲಿ ಮತ್ತೆ ತುಂಬಲ್ಲ ಅಂತ ಓಣಿಯವರೆಲ್ಲ ಹೇಳಿದ್ದರು. 58 ಕೆ.ಜಿ. ಇದ್ದ ಮಾವನವರು 46ಕ್ಕೆ ಬಂದಿದ್ದರು. ಈಗ 54ರ ಆಸುಪಾಸು. ಅಡುಗೆಮನೆ ನನ್ನದು, ಹಾಗಾಗಿ ಹೆಸರೂ ನನಗೇ ಬರಬೇಕು ಅಲ್ವಾ?

ತೂಕ ಇಳಿಯುವಾಗ ಎಲ್ಲರೂ "ವಾಕಿಂಗ್ ಫಲ ಕೊಡ್ತು" ಅಂತ ಮೆಚ್ಚಿದ್ದೇ ಮೆಚ್ಚಿದ್ದು. ಊಟ ಕಡಿಮೆ ಮಾಡದೆ ಆರು ತಿಂಗಳಲ್ಲಿ ಮೈತೂಕದ ನೂರಕ್ಕೆ ಐದು ಭಾಗ ಹೋದರೇ ಡಾಕ್ಟರಿಗೆ ತೋರಿಸಬೇಕು. ಇವರದು ಇಪ್ಪತ್ತು ಹೋಗಿತ್ತು. ಕಫ ಪರೀಕ್ಷೆಯಲ್ಲಿ ಸಿಕ್ಕಿತು.

ಮಾತ್ರೆ ಪುಕ್ಕಟೆ. ದುಡ್ಡು ಹೋಗಿದ್ದು ಬೇರೆ ಕಡೆ. ಒಂಬೈನೂರು ರೂಪಾಯಿಯ ಪ್ರೋಟೀನ್ ಡಬ್ಬಿಯ ವಾಸನೆಗೇ ಅವರಿಗೆ ವಾಕರಿಕೆ. ಬಾದಾಮಿ ಅಗಿಯಲು ಹಲ್ಲಿಲ್ಲ, ಮೊಮ್ಮಕ್ಕಳು ಮುಗಿಸಿದರು. ತಟ್ಟೆ ತುಂಬ ಬಡಿಸಿದರೆ ನಾಲ್ಕು ತುತ್ತಿಗೇ ಸಾಕು.

ಕೊನೆಗೆ ಕೈ ಹಿಡಿದಿದ್ದು ದಿನಕ್ಕೆ ಆರು ಹೊತ್ತು, ಸ್ವಲ್ಪ ಸ್ವಲ್ಪ. ಗಂಜಿಗೆ ಎರಡು ಚಮಚ ಶೇಂಗಾ ಪುಡಿ, ಒಂದು ಚಮಚ ತುಪ್ಪ. ಜೊತೆಗೆ ಎರಡು ಮೊಟ್ಟೆ. ಪುಡಿಗೆ ಇನ್ನೊಂದು ಸಾಮಾನು ಬೀಳುತ್ತೆ, ಅದನ್ನ ಅತ್ತೆಗೂ ಹೇಳಿಲ್ಲ. ಮೊದಲ ವಾರ ಮಾತ್ರ ಇದರ ಅರ್ಧ. ಬಹಳ ದಿನ ಸರಿಯಾಗಿ ತಿನ್ನದ ಮೈಗೆ ಒಮ್ಮೆಲೇ ತುರುಕಿದರೆ ರಕ್ತದ ಲವಣ ಏರುಪೇರಾಗಿ ಜೀವಕ್ಕೇ ಅಪಾಯ.

ಒಂದು ವಾರ ತೂಕ ಒಂದೂವರೆ ಕಿಲೋ ಜಿಗಿಯಿತು. ಮನೆಯವರಿಗೆಲ್ಲ ಖುಷಿ. ನಾನು ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ನೋಡಿದೆ, ಗುಳಿ ಬಿದ್ದದ್ದು ಹಾಗೇ ಉಳಿಯಿತು. ಅದು ಮಾಂಸ ಅಲ್ಲ, ನೀರು. ಡಾಕ್ಟರಿಗೆ ತೋರಿಸಿ, ಆ ವಾರದ ಲೆಕ್ಕ ಬಿಟ್ಟೆ.

ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಬರೀ ತಿನ್ನಿಸಿದ ದಿನಗಳಲ್ಲಿ ಹೊಟ್ಟೆ ಬಂತು, ಕಾಲು ಬರಲಿಲ್ಲ. ಏಳಲು ಗೋಡೆ ಹಿಡಿಯಲೇಬೇಕಿತ್ತು. ಆಮೇಲೆ ಕುರ್ಚಿಯಿಂದ ಎದ್ದು ಕೂರಿಸುವುದು ಶುರು ಮಾಡಿದೆ. ಮೊದಲು ನಾಲ್ಕು ಸಲಕ್ಕೇ ಏದುಸಿರು, ಬೈಗುಳ ನನಗೆ. ತಿಂಗಳೆರಡು ಕಳೆದ ಮೇಲೆ ಹದಿನೈದು ಸಲ ಸಲೀಸು.

ಮೊಟ್ಟೆಗೆ ತಿಂಗಳಿಗೆ ನಾನೂರು ಚಿಲ್ಲರೆ, ಶೇಂಗಾ-ತುಪ್ಪಕ್ಕೆ ಇನ್ನೊಂದು ಐನೂರು. ಟಿಬಿ ರೋಗಿಗಳ ಊಟಕ್ಕೆ ಅಂತ ಸರ್ಕಾರ ತಿಂಗಳಿಗೆ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ದುಡ್ಡು ಮುಂಚೆ 500 ಇತ್ತು, 2024ರ ನವೆಂಬರ್‌ನಿಂದ 1,000 ಆಗಿದೆ. ಅಲ್ಲಿಂದಲ್ಲಿಗೆ ಸರಿಹೋಯಿತು. ಆ ಡಬ್ಬಿಯ ಒಂಬೈನೂರು ಮಾತ್ರ ನೀರಲ್ಲಿ ಹೋಮ.