ಜಾತಿ ಮಾತು ಎದೆಗೆ ನಾಟಿದಾಗ: ಮೊದಲ ಹತ್ತು ನಿಮಿಷ, ಆಮೇಲಿನ ದಿನಗಳು

ಹಾಸನದಲ್ಲಿ ಬಾಡಿಗೆ ಮನೆ ಕೇಳಲು ಹೋದರೆ "ನಿಮ್ದು ಯಾವ ಜನ?" ಎಂಬ ಪ್ರಶ್ನೆ. ಉತ್ತರ ಹೇಳಿದೊಡನೆ "ಅಯ್ಯೋ, ನಿನ್ನೆನೇ ಅಡ್ವಾನ್ಸ್ ಕೊಟ್ಟೋದ್ರು." ಮೂಡಿಗೆರೆ ಕಡೆಯ ತೋಟದಲ್ಲಿ ಎಲ್ಲರಿಗೂ ಸ್ಟೀಲ್ ಲೋಟ, ಇಬ್ಬರಿಗೆ ಮಾತ್ರ ಪೇಪರ್ ಕಪ್. ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ ಬಂದವರ ಮುಖ ನೋಡಿ ಆಡಿಕೊಳ್ಳುವ ನಗು. ಅಂದವರು ಸಂಜೆಗೆ ಮರೆಯುತ್ತಾರೆ, ಅನ್ನಿಸಿಕೊಂಡವರ ಮೈ ಮರೆಯುವುದಿಲ್ಲ. ದವಡೆ ಬಿಗಿಯುತ್ತದೆ, ಹೊಟ್ಟೆ ತೊಳಸುತ್ತದೆ, ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಅದೇ ಮಾತು ಕಿವಿಯಲ್ಲಿ ಸುತ್ತುತ್ತದೆ. ಅಮೆರಿಕದ ಕಪ್ಪು ಮಹಿಳೆಯರ ಆರೋಗ್ಯವನ್ನು ಅಧ್ಯಯನ ಮಾಡಿದ ಆರ್ಲೀನ್ ಜೆರೋನಿಮಸ್, ಇಂಥ ಬಿಡುವಿಲ್ಲದ ಒತ್ತಡ ದೇಹವನ್ನು ವಯಸ್ಸಿಗೆ ಮುಂಚೆಯೇ ಸವೆಸುತ್ತದೆ ಎಂದು 1992ರಲ್ಲೇ ಬರೆದರು. ಅಲ್ಲಿ ಬಣ್ಣ, ಇಲ್ಲಿ ಜಾತಿ. ಒತ್ತಡಕ್ಕೆ ಮೈ ಸ್ಪಂದಿಸುವ ರೀತಿ ಬೇರೆಯಲ್ಲ.

ಇಲ್ಲಿ ಹೇಳುತ್ತಿರುವುದು ಈ ಗಳಿಗೆಯಲ್ಲಿ ಮೈಮನಸ್ಸಿನಲ್ಲಿ ಏನಾಗುತ್ತಿದೆ ಎಂದು ಎಚ್ಚರದಿಂದ ಗಮನಿಸುವ ಮೈಂಡ್‌ಫುಲ್‌ನೆಸ್ ಅಭ್ಯಾಸ. 1979ರಲ್ಲಿ ಜಾನ್ ಕಬಟ್-ಜಿನ್ ಮ್ಯಾಸಚೂಸೆಟ್ಸ್‌ನಲ್ಲಿ ಆಸ್ಪತ್ರೆಯ ರೋಗಿಗಳಿಗಾಗಿ ಇದನ್ನು ಕೆಲವು ವಾರಗಳ ತರಬೇತಿಯಾಗಿ ರೂಪಿಸಿದರು; ಬೇರು ಇರುವುದು ಬುದ್ಧ ಕಲಿಸಿದ ಎಚ್ಚರದಲ್ಲಿ. ಇದು ಅವಮಾನವನ್ನು ನುಂಗಿಕೊಳ್ಳುವ ತರಬೇತಿ ಅಲ್ಲವೇ ಅಲ್ಲ. 1956ರಲ್ಲಿ ಬುದ್ಧನ ದಾರಿ ಹಿಡಿದ ಬಾಬಾಸಾಹೇಬರು ಹೋರಾಟ ಬಿಟ್ಟವರಲ್ಲ. ಏಟು ಬಿದ್ದ ಗಳಿಗೆಯಲ್ಲಿ ಮನಸ್ಸು ನಮ್ಮ ಕೈಯಲ್ಲಿ ಉಳಿದರೆ, ಮುಂದೇನು ಮಾಡಬೇಕು ಎನ್ನುವ ತೀರ್ಮಾನವೂ ನಮ್ಮ ಕೈಯಲ್ಲೇ ಉಳಿಯುತ್ತದೆ. ಅಷ್ಟಕ್ಕಾಗಿ ಈ ಅಭ್ಯಾಸ.

ಮಾತು ಬಿದ್ದ ಕೂಡಲೇ, ಸಾಧ್ಯವಾದರೆ, ಹತ್ತು ಹೆಜ್ಜೆ ಆಚೆ ಹೋಗಿ. ಕಣ್ಣು ಮುಚ್ಚಬೇಡಿ. ಮುಚ್ಚಿದರೆ ಆ ಮುಖ, ಆ ದನಿ ಇನ್ನೂ ಹತ್ತಿರ ಬರುತ್ತವೆ. ಎರಡೂ ಪಾದ ನೆಲಕ್ಕೆ ಒತ್ತಿ, ಮೊದಲು ಹಿಮ್ಮಡಿ, ಆಮೇಲೆ ಬೆರಳು. ಕಣ್ಣೆದುರು ಇರುವ ಐದು ವಸ್ತುಗಳನ್ನು ನಿಧಾನವಾಗಿ ನೋಡಿ, ಮನಸ್ಸಿನಲ್ಲೇ ಹೆಸರಿಸಿ: ಸಿಲ್ವರ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕಣದಲ್ಲಿ ಹರವಿದ ಕಾಫಿ ಹಣ್ಣು, ನೀಲಿ ಟಾರ್ಪಾಲು, ನಿಮ್ಮದೇ ಅಂಗೈ. ಬಳಿಕ ಉಸಿರು. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ, ನಡುವೆ ತಡೆಹಿಡಿಯದೆ. ನಿಮಿಷಕ್ಕೆ ಆರು ಉಸಿರಿನಂತೆ ಮೂರು ನಿಮಿಷ ಸಾಕು. ಹೊರಹೋಗುವ ಉಸಿರು ಉದ್ದವಾದಾಗ ಎದೆಬಡಿತ ಇಳಿಯುತ್ತದೆ.

ಇಲ್ಲೇ ಹೆಚ್ಚು ಜನ ಎಡವುವುದು. ಗಾಬರಿಯಲ್ಲಿ ದೊಡ್ಡ ದೊಡ್ಡ ಉಸಿರನ್ನು ಬೇಗಬೇಗ ಎಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ, ಗಾಬರಿ ಇಮ್ಮಡಿಯಾಗುತ್ತದೆ. ಹಾಗಾದರೆ ಎಣಿಕೆ ಬಿಟ್ಟು ನಲ್ಲಿಯ ತಣ್ಣೀರಿಗೆ ಕೈಯೊಡ್ಡಿ. ಎದೆಯೇ ಬಿಗಿದಿರುವವರಿಗೆ ಉಸಿರನ್ನು ಗಮನಿಸುವುದೇ ಹಿಂಸೆ; ಅಂಥವರು ಗಮನವನ್ನು ಪಾದದಲ್ಲೇ ಇಡಲಿ, ಏನೂ ನಷ್ಟವಿಲ್ಲ.

ಕೈ ನಡುಕ ನಿಂತ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಸಮಯ, ಜಾಗ, ಆಡಿದ ಮಾತು ಅಕ್ಷರಶಃ, ಯಾರ್‍ಯಾರು ಕೇಳಿಸಿಕೊಂಡರು, ಇಷ್ಟನ್ನು ಬರೆದಿಡಿ. 1989ರ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ, ನಾಲ್ಕು ಜನ ನೋಡುವ ಜಾಗದಲ್ಲಿ ಜಾತಿ ಹೆಸರು ಹಿಡಿದು ಬೈಯುವುದು ಅಪರಾಧ. ಹಾಗಾಗಿ ಸಾಕ್ಷಿಗಳ ಹೆಸರಿಗೆ ಬಹಳ ಬೆಲೆ. ದೂರು ಕೊಡುವುದೋ ಬೇಡವೋ ಎಂದು ನಾಳೆ ಯೋಚಿಸಿ, ಬರೆಯುವುದನ್ನು ನಾಳೆಗಿಡಬೇಡಿ. ಸಹಾಯವಾಣಿ 14566.

ದಿನದ ಅಭ್ಯಾಸಕ್ಕೆ ಹತ್ತು ನಿಮಿಷ ಸಾಕು. ತೋಟದ ಕೂಲಿಯವರ ಲೈನ್ ಮನೆಯ ಒಂದೇ ಕೋಣೆಯಲ್ಲಿ ಒಬ್ಬರೇ ಕೂರುವ ಜಾಗ ಎಲ್ಲಿಂದ ಬರಬೇಕು? ಪಾತ್ರೆ ತೊಳೆಯುವಾಗಲೋ, ಹಾಸನ–ಬೇಲೂರು ಬಸ್ಸಿನ ಕಿಟಕಿ ಪಕ್ಕದಲ್ಲೋ ಮಾಡಿ. ಮೊದಲು ಪಾದಕ್ಕೆ ಗಮನ ಕೊಡಿ, ಆಮೇಲೆ ಒಂದು ಸಣ್ಣ ಘಟನೆಯನ್ನು ನೆನೆಯಿರಿ. ಹತ್ತಕ್ಕೆ ಮೂರೋ ನಾಲ್ಕೋ ಅಂಕ ಕೊಡುವಷ್ಟು ನೋವಿನದ್ದೇ ಇರಲಿ. ಬದುಕಿನ ಅತಿ ದೊಡ್ಡ ಗಾಯದಿಂದ ಶುರುಮಾಡಬೇಡಿ. ಆ ಸಣ್ಣ ಘಟನೆಯ ನೋವು ಮೈಯಲ್ಲಿ ಎಲ್ಲಿ ಕೂತಿದೆ ನೋಡಿ. ಗಂಟಲೋ, ಭುಜವೋ? "ಇದು ಕೋಪ", "ಇದು ನಾಚಿಕೆ" ಎಂದು ಹೆಸರಿಡಿ. ಅರ್ಧ ನಿಮಿಷವಾದ ಮೇಲೆ ಮತ್ತೆ ಪಾದಕ್ಕೆ ಬನ್ನಿ. ಹೀಗೆ ನಾಲ್ಕೈದು ಸಲ ಹೋಗಿ ಬರುವುದು. ನಾಚಿಕೆ ಬಂದಾಗ ಅಂಗೈಯನ್ನು ಎದೆ ಮೇಲಿಟ್ಟು "ತಪ್ಪು ಮಾಡಿದವರು ಅವರು, ನಾನಲ್ಲ" ಎಂದು ಮೆಲ್ಲಗೆ ಹೇಳಿಕೊಳ್ಳಿ. ಇದು ಸಮಾಧಾನಕ್ಕೆ ಆಡುವ ಸುಳ್ಳಲ್ಲ, ನಿಜಸಂಗತಿ.

ಯೋಚನೆ ಸುತ್ತತೊಡಗಿದರೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿ: ಇದರಿಂದ ಮಾಡಬೇಕಾದ ಕೆಲಸ ಯಾವುದಾದರೂ ಹೊಳೆಯಿತೇ? ಹೊಳೆದಿದ್ದರೆ ಬರೆದಿಡಿ. ಇಲ್ಲವಾದರೆ "ಮತ್ತೆ ಅದೇ ರೀಲು" ಎಂದು ಗುರುತಿಸಿ ಪಾದಕ್ಕೆ ಮರಳಿ.

ಕೆಲವು ಧ್ಯಾನ ತರಗತಿಗಳಲ್ಲಿ ಶುರುವಿನಲ್ಲೇ ಬೈದವನಿಗೂ ಒಳಿತು ಬಯಸಿ ಎನ್ನುತ್ತಾರೆ. ನಮ್ಮ ಖಚಿತ ಅಭಿಪ್ರಾಯ: ಬೇಡ. ಗಾಯ ಹಸಿಯಿರುವಾಗ ಕ್ಷಮೆಯ ಒತ್ತಾಯ ಎರಡನೆಯ ಗಾಯ. ಒಳಿತನ್ನು ಮೊದಲು ನಿಮಗೆ ಬಯಸಿಕೊಳ್ಳಿ, ಆಮೇಲೆ ಇದೇ ನೋವು ಉಣ್ಣುತ್ತಿರುವ ನಿಮ್ಮ ಜನಕ್ಕೆ. ಕೇರಿಯ ನಾಲ್ಕೈದು ಮಂದಿ ವಾರಕ್ಕೊಮ್ಮೆ ಸೇರಿ, ಒಬ್ಬೊಬ್ಬರು ಐದು ನಿಮಿಷ ಮಾತಾಡಿ ಉಳಿದವರು ಬುದ್ಧಿಮಾತು ಹೇಳದೆ ಕೇಳಿಸಿಕೊಂಡರೆ ಇನ್ನೂ ಒಳ್ಳೆಯದು. ಅಭ್ಯಾಸದ ನಡುವೆ ಮೈ ಮರಗಟ್ಟಿದಂತೆ, ಎಲ್ಲವೂ ದೂರ ಸರಿದಂತೆ ಆದರೆ ನಿಲ್ಲಿಸಿ, ಎದ್ದು ಓಡಾಡಿ.

ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ, ಕುಡಿತ ಹೆಚ್ಚಾದರೆ ಡಾಕ್ಟರನ್ನು ಕಾಣಲೇಬೇಕು. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಹೋದಾಗ "ನಿದ್ದೆ ಬರ್ತಿಲ್ಲ ಸಾರ್" ಎಂದಷ್ಟೇ ಹೇಳಿದರೆ ನಿದ್ದೆ ಮಾತ್ರೆಯಷ್ಟೇ ಸಿಕ್ಕೀತು. ಏನಾಯಿತು, ಯಾರು ಏನಂದರು, ಎಂದಿನಿಂದ ಎನ್ನುವುದನ್ನೂ ಹೇಳಿ. ಬಾಯಿ ಬರದಿದ್ದರೆ ನೋಟ್‌ಬುಕ್ಕಿನ ಆ ಪುಟ ತೆಗೆದು ತೋರಿಸಿ.