ಚೀನೀ ಅಕ್ಷರದ ಗೆರೆಕ್ರಮ: ಐದು ಅಂಕಿ ನನಗೆ ಕಲಿಸಿದ್ದು

ಟೈಪ್ ಮಾಡಿದರೆ ಮುಗಿಯುವ ಕೆಲಸಕ್ಕೆ ಗೆರೆಗಳ ಕ್ರಮ ಯಾಕೆ ಎಂದವರೇ ಹೆಚ್ಚು. ಗೆರೆಗೊಂದು ಅಂಕಿ ಹೇಳಿಕೊಂಡು ಬರೆಯುತ್ತೇನೆ ಎಂದಾಗ ‘ಇದೇನು ಮಗ್ಗಿಯೋ ಲಿಪಿಯೋ’ ಎಂದು ನಕ್ಕರು. ಎಂಟು ತಿಂಗಳಾಯಿತು. 2021ರ ಎಚ್‌ಎಸ್‌ಕೆ (ವಿದೇಶಿಯರಿಗಾಗಿ ಇರುವ ಚೀನೀ ಭಾಷಾ ಪರೀಕ್ಷೆ) ಮಾನದಂಡ ಪ್ರಾಥಮಿಕ ಹಂತದ ಕೈಬರಹಕ್ಕೆ ಇಟ್ಟಿರುವ 300 ಅಕ್ಷರಗಳಲ್ಲಿ 270ರಷ್ಟನ್ನು ಮಾದರಿ ನೋಡದೆ, ಕ್ರಮ ತಪ್ಪದೆ ಬರೆಯುತ್ತೇನೆ. ನಕ್ಕವರಲ್ಲಿ ಇಬ್ಬರು ಈಗ ಇದೇ ದಾರಿಗೆ ಬಂದಿದ್ದಾರೆ.

ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ಎಂಬುದೆಲ್ಲ ನಿಮಗೆ ಗೊತ್ತೇ ಇದೆ. ಮಾದರಿ ನೋಡಿಕೊಂಡು ಐವತ್ತು ಸಲ ತಿದ್ದಿದರೆ ನಾಲ್ಕನೇ ಸಲದಿಂದ ಕೈ ಚಿತ್ರ ಬಿಡಿಸತೊಡಗುತ್ತದೆ, ಕ್ರಮ ಉಳಿಯುವುದಿಲ್ಲ. ಹಾಗೆ ನಾಲ್ಕೈದು ಪುಸ್ತಕ ಹಾಳಾದವು. ಅದಕ್ಕಿಂತ ದುಬಾರಿ ಬಿದ್ದದ್ದು ಒಂದು ಆ್ಯಪ್‌ನ ಚಂದಾ, ಸುಮಾರು ಸಾವಿರದ ಐನೂರು ರೂಪಾಯಿ. ಅದು ತೋರಿಸುತ್ತಿದ್ದದ್ದು ಜಪಾನಿನ ಕ್ರಮವೆಂದು ತಿಳಿಯುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು. ‘ವಾಂಗ್’ (ರಾಜ) ಚೀನಾದಲ್ಲಿ ಅಡ್ಡ, ಅಡ್ಡ, ಉದ್ದ, ಅಡ್ಡ. ಜಪಾನಿನಲ್ಲಿ ಎರಡನೆಯದೇ ಉದ್ದ. ‘ತ್ಯೆನ್’ (ಹೊಲ) ಅಕ್ಷರದ ಒಳಗೆರೆಗಳಲ್ಲೂ ಇದೇ ಗೋಳು. ಒಂದನ್ನು ಹಿಡಿದು ಉಳಿದದ್ದನ್ನು ಬಿಡಬೇಕು. ನಾನು ಹಿಡಿದದ್ದು 2021ರ ಮಾರ್ಚ್ 1ರಿಂದ ಜಾರಿಯಲ್ಲಿರುವ, 8105 ಅಕ್ಷರಗಳ ಗೆರೆಕ್ರಮ ಹೇಳುವ ಚೀನಾ ಮಾನದಂಡ.

ಫೋನಿನಲ್ಲಿ ಸರಳೀಕೃತ ಚೀನೀಯ ಸ್ಟ್ರೋಕ್ ಕೀಬೋರ್ಡ್ ಹಾಕಿಕೊಳ್ಳಿ, ಅದರಲ್ಲಿ ಗೆರೆಗಳನ್ನು ಕ್ರಮವಾಗಿ ಒತ್ತಿದರೆ ಅಕ್ಷರ ಬರುತ್ತದೆ. ಗೆರೆಗೆ ಐದೇ ಗುಂಡಿ: 1 ಅಡ್ಡ, 2 ಉದ್ದ, 3 ಎಡಕ್ಕೆ ಜಾರುವುದು, 4 ಚುಕ್ಕೆ ಅಥವಾ ಬಲಕ್ಕೆ ಜಾರುವುದು, 5 ಮುರಿದು ತಿರುಗುವುದೆಲ್ಲ. ಮೇಲಕ್ಕೆ ಚಿಮ್ಮುವ ಗೆರೆ 1ಕ್ಕೆ ಸೇರುತ್ತದೆ. ಉದ್ದ ಗೆರೆಯ ಬುಡದ ಕೊಕ್ಕೆ ಎಡಕ್ಕಿದ್ದರೆ 2, ಬಲಕ್ಕಿದ್ದರೆ 5. ಇಲ್ಲೇ ಎಲ್ಲರೂ ಎಡವುವುದು.

ಮಾದರಿಯನ್ನು ಒಂದು ಸಲ ನೋಡಿ ಮುಚ್ಚಿಡುತ್ತೇನೆ. ಅಂಕಿಗಳನ್ನು ಬಾಯಿಬಿಟ್ಟು ಹೇಳುತ್ತಾ ಮೂರೇ ಸಲ ಬರೆಯುತ್ತೇನೆ. ಆಮೇಲೆ ಕೈ ಯಾವ ಕ್ರಮದಲ್ಲಿ ಹೋಯಿತೋ ಅದನ್ನೇ ಕೀಬೋರ್ಡಿನಲ್ಲಿ ಒತ್ತುತ್ತೇನೆ. ಅಕ್ಷರ ಬರದಿದ್ದರೆ ಕ್ರಮ ತಪ್ಪಿದೆ. ಕೀಬೋರ್ಡ್ ಅರ್ಧದಲ್ಲೇ ಅಕ್ಷರ ತೋರಿಸುತ್ತದೆ, ಆಸೆಪಟ್ಟು ನಿಲ್ಲಿಸಬಾರದು. ಕೊನೆಯ ಗೆರೆಗಳ ತಪ್ಪು ಅಲ್ಲಿ ಮುಚ್ಚಿಹೋಗುತ್ತದೆ. ಮರುದಿನ, ನಾಲ್ಕನೇ ದಿನ, ಹತ್ತು ಹನ್ನೊಂದನೇ ದಿನ ಮತ್ತೆ ಒಂದೊಂದು ಸಲ.

‘ಶುಯ್’ (ನೀರು) 2534, ನಡುವಿನದೇ ಮೊದಲು. ಅದನ್ನು ನಂಬಿ ‘ಹುವೊ’ (ಬೆಂಕಿ) ಬರೆದರೆ ಕೆಟ್ಟಿರಿ: 4334, ಎರಡು ಪಕ್ಕ ಮೊದಲು. ‘ಜ್ಯೊ’ (ಒಂಬತ್ತು) 35, ‘ಲಿ’ (ಬಲ) 53. ‘ನ್ಯೂ’ (ಹೆಣ್ಣು) 531, ಅಡ್ಡಗೆರೆ ಕೊನೆಗೆ. ‘ಕೌ’ (ಬಾಯಿ) 251, ಮೂರೇ ಗೆರೆ. ಕನ್ನಡ ಬರೆದು ಪಳಗಿದ ಕೈಗೆ ಇದನ್ನು ಪೆನ್ನೆತ್ತದೆ ಸುತ್ತಿಬಿಡುವ ಚಪಲ. ಚೌಕವನ್ನು ನಾಲ್ಕು ಗೆರೆ ಮಾಡುವವರೂ ಇದ್ದಾರೆ. ಇದು ಕೆಟ್ಟರೆ ಇಂಥದೇ ಚೌಕದೊಳಗೆ ಕೂರುವ ‘ಗುವೊ’ (ದೇಶ) 25112141 ಪೂರ್ತಿ ಕೆಡುತ್ತದೆ.

ಒಂದು ಸೆಂಟಿಮೀಟರಿನ ಲೆಕ್ಕದ ಚೌಕುಳಿ ಪುಸ್ತಕ ಸಾಲದು, ಗೆರೆ ಹೆಚ್ಚಿದ ಕಡೆ ಮುದ್ದೆಯಾಗುತ್ತದೆ. ಒಂದೂವರೆ ಸೆಂಟಿಮೀಟರಿನ ಮನೆ, ನಡುವೆ ಅಡ್ಡ-ಉದ್ದ ತೆಳುಗೆರೆ. ಎ4 ಹಾಳೆಗೆ ಇನ್ನೂರು ಚಿಲ್ಲರೆ ಮನೆ ಹಿಡಿಯುತ್ತವೆ. ಜೆರಾಕ್ಸಿಗೆ ಹಾಳೆಗೆ ಎರಡು ರೂಪಾಯಿ. ಇಷ್ಟೂ ತಿಂಗಳಿಗೆ ಪೆನ್ಸಿಲ್ ಸೇರಿ ಆರುನೂರು ದಾಟಿರಲಿಕ್ಕಿಲ್ಲ.

ನೀರಿನಲ್ಲಿ ಬರೆಯುವ ಬಟ್ಟೆ, ಕುಂಚವನ್ನೂ ತಂದೆ, ನಾನೂರು ರೂಪಾಯಿ. ಕ್ರಮ ಕಲಿಯಲು ದಂಡ: ತಪ್ಪು ಕಣ್ಣಿಗೆ ಬೀಳುವ ಮೊದಲೇ ಆರಿರುತ್ತದೆ. ಆದರೆ ಬಲಕ್ಕೆ ಜಾರುವ ಗೆರೆಯ ತುದಿಯಲ್ಲಿ ಒತ್ತಿ, ತಡೆದು, ಎಳೆಯುವುದು ಕೈಗೆ ಬಂದದ್ದು ಅದರಿಂದಲೇ.

ಅಂಕಿಗೂ ಕುರುಡಿದೆ. ‘ಸಾನ್’ (ಮೂರು) ಕೆಳಗಿಂದ ಬರೆದರೂ 111. ‘ಷೌ’ (ಕೈ) ಎಡಪಕ್ಕದ ಅಂಗವಾಗಿ ಬಂದಾಗ ಅದರ ಮೂರನೇ ಗೆರೆ ಎಡದಿಂದ ಮೇಲಕ್ಕೆ ಚಿಮ್ಮಬೇಕು. ಬಲದಿಂದ ಕೆಳಕ್ಕೆ ಎಳೆದರೂ ಕಾಗದದ ಮೇಲೆ ಒಂದೇ ಥರ ಕಾಣುತ್ತದೆ. ಜೆಲ್ ಪೆನ್ನು ಇದನ್ನು ಬಚ್ಚಿಡುತ್ತದೆ. 4ಬಿ ಪೆನ್ಸಿಲ್‌ನಲ್ಲಿ ಶುರುವಿನ ತುದಿ ದಪ್ಪಗಿರುತ್ತದೆ, ದಿಕ್ಕು ಗೊತ್ತಾಗುತ್ತದೆ. ಇನ್ನು ‘ಥು’ (ಮಣ್ಣು), ‘ಷ್’ (ವಿದ್ವಾಂಸ), ‘ಗುಂಗ್’ (ಕೆಲಸ) ಮೂರೂ 121. ಇಂಥವನ್ನು ಬೇರ್ಪಡಿಸಲು ಅಂಕಿಯ ಪಕ್ಕ ನಾನೊಂದು ಗುರುತು ಹಾಕಿಕೊಳ್ಳುತ್ತೇನೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ‘ಬಿ’ (ಖಂಡಿತ) 45434 ಮಾತ್ರ ಈಗಲೂ ವಾರಕ್ಕೊಮ್ಮೆ ಕೈಕೊಡುತ್ತದೆ.