ಬೋರಿನ ನೀರು ಹೇಳಿದ ಸುಳ್ಳು

ವಿಜಯಪುರದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ಏಪ್ರಿಲ್ ಚಾಟ್ನಿ, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಹೊತ್ತಿಗೆ ತಿಕೋಟಾ ಕಡೆ ಹೋಗಿದ್ದೆ. ದ್ರಾಕ್ಷಿ ತೋಟದ ಬದುವಿನಲ್ಲಿ ಕಾಕಾ ಒಬ್ಬರು ಹಳೆ ಪೈಪು ಸುಡುತ್ತಿದ್ದರು. ಪಿವಿಸಿ ಮಾತ್ರ ಸುಡಬೇಡಿ ಕಾಕಾ, ಅದರ ಹೊಗೆಯಲ್ಲಿ ಆಮ್ಲ ಇರುತ್ತದೆ ಎಂದೆ. "ಎಲ್ಲಾ ಪೈಪ್ ಒಂದ ಅಲ್ಲೇನ್ರಿ ಸರ?" ಎಂದರು. ತೋರಿಸಬೇಕಲ್ವಾ? ಕರಿ ಡ್ರಿಪ್ ಪೈಪಿನದೊಂದು, ಬೂದು ಪಿವಿಸಿಯದೊಂದು ತುಂಡು ಇಸಿದುಕೊಂಡು ಬಂದೆ.

ಅರ್ಧ ಗ್ರಾಂ ಚೂರನ್ನು ಟೆಸ್ಟ್ ಟ್ಯೂಬಿಗೆ ಹಾಕಿ, ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್ ಒಳಗೆ ಕಾಯಿಸಿದೆ. ಹೊಗೆ ನಳಿಕೆಯಿಂದ ನೀರಿಗೆ. ನಳಿಕೆಯ ತುದಿ ನೀರಿಗೆ ತಾಗಬಾರದು, ಸ್ವಲ್ಪ ಮೇಲೇ ಇರಬೇಕು. ಮುಳುಗಿದ್ದರೆ ಬರ್ನರ್ ತೆಗೆದ ಕೂಡಲೇ ನೀರು ಮೇಲೇರಿ ಕಾದ ಗಾಜು ಸೀಳುತ್ತದೆ. ಒಮ್ಮೆ ಸೀಳಿಸಿಕೊಂಡಿದ್ದೇನೆ.

ಪಿವಿಸಿ ಮೊದಲು ಹಳದಿಯಾಯಿತು, ಆಮೇಲೆ ಕಂದು, ಕೊನೆಗೆ ಕಪ್ಪು. ಒದ್ದೆ ನೀಲಿ ಲಿಟ್ಮಸ್ ತಟ್ಟನೆ ಕೆಂಪಾಯಿತು. ನೀರಿಗೆ ಎರಡು ಹನಿ ನೈಟ್ರಿಕ್ ಆಮ್ಲ, ಎರಡು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟರೆ ಮೊಸರಿನಂಥ ಬಿಳಿ ಗಷ್ಟು. ಲಿಟ್ಮಸ್ ಕೆಂಪಾದರೆ ಆಮ್ಲ, ಈ ಬಿಳಿ ಬಂದರೆ ಕ್ಲೋರೈಡ್. ಹೈಡ್ರೋಜನ್ ಕ್ಲೋರೈಡ್, ಅನುಮಾನವೇ ಇಲ್ಲ ಎಂದುಕೊಂಡೆ. ಶುದ್ಧ ಪಿವಿಸಿಯ ತೂಕದಲ್ಲಿ ನೂರಕ್ಕೆ ಸುಮಾರು 58 ಪಾಲು ಹೀಗೇ ಹೊರಬೀಳುತ್ತದೆ. ಪೈಪಿಗೆ ಸುಣ್ಣಕಲ್ಲಿನ ಪುಡಿ ಬೆರೆಸಿರುವುದರಿಂದ ಅಷ್ಟು ಸಿಗದು.

ಡ್ರಿಪ್ ಪೈಪು ಪಾಲಿಎಥಿಲೀನ್, ಅದರಲ್ಲಿ ಕ್ಲೋರಿನ್ ಇಲ್ಲ. ಆರಿದ ಮೇಣದಬತ್ತಿಯ ವಾಸನೆ ಬಂತು, ಲಿಟ್ಮಸ್ ನೀಲಿಯಾಗೇ ಉಳಿಯಿತು. ಆದರೆ ಸಿಲ್ವರ್ ನೈಟ್ರೇಟ್ ಬಿದ್ದಾಗ ನೀರು ಮಜ್ಜಿಗೆಯಂತೆ ಬೆಳ್ಳಗಾಯಿತು!

ಮೂರು ಸಲ ಮಾಡಿದೆ, ಮೂರೂ ಸಲ ಅದೇ. ಕೊನೆಗೆ ಅಟೆಂಡರ್ ಬಾಗಿಲಲ್ಲಿ ನಿಂತು, "ಡಿಸ್ಟಿಲ್ಡ್ ವಾಟರ್ ಮುಗದಿತ್ರಿ ಸರ, ಕ್ಯಾನಿಗೆ ಬೋರಿನ ನೀರ ತುಂಬೇನ್ರಿ" ಎಂದರು. ನಮ್ಮ ಬೋರಿನ ನೀರು ಬಾಯಿಗಿಟ್ಟರೆ ಉಪ್ಪು. ಉಪ್ಪಿನ ಕ್ಲೋರೈಡ್ ನೀರಲ್ಲೇ ಇತ್ತು. ಹೊಗೆ ಬಿಡುವ ಮೊದಲು ಬರೀ ನೀರಿಗೆ ಹನಿ ಹಾಕಿ ನೋಡಿ ಎಂದು ಮಕ್ಕಳಿಗೆ ವರ್ಷವೂ ಹೇಳುತ್ತೇನೆ. ನಾನೇ ನೋಡಿರಲಿಲ್ಲ.

ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದೆ. ಬರೀ ನೀರು ತಿಳಿ, ಡ್ರಿಪ್ ಪೈಪಿನದು ತಿಳಿ, ಪಿವಿಸಿಯದು ಮಾತ್ರ ಬಿಳಿ. ಅಮೋನಿಯಾ ಹಾಕಿದರೆ ಆ ಬಿಳಿ ಕರಗಿತು, ಸಿಲ್ವರ್ ಕ್ಲೋರೈಡ್ ಕರಗುವುದು ಹಾಗೇ. ಕ್ಲೋರೈಡ್ ಎನ್ನಲು ಇನ್ನೇನು ಬೇಕು? ಪಿವಿಸಿ ಹೊಗೆಯಲ್ಲಿ ಬೆಂಜೀನ್ ಕೂಡ ಇರುತ್ತದೆ, ಅದನ್ನು ಹಿಡಿಯಲು ಹೊಗೆಯಲ್ಲಿರುವುದನ್ನು ಬೇರ್ಪಡಿಸಿ ಗುರುತಿಸುವ ಜಿಸಿ-ಎಂಎಸ್‌ನಂಥ ಯಂತ್ರ ಬೇಕು.

ಎರಡೂ ಟ್ಯೂಬು ಒಯ್ದು ಕಾಕಾಗೆ ತೋರಿಸಿದೆ.

"ಹಂಗಾದ್ರ ಕರಿ ಪೈಪ್ ಸುಡಬಹುದಲ್ರಿ?"

ಮಸಿ, ಕಾರ್ಬನ್ ಮಾನಾಕ್ಸೈಡ್ ಅದರಲ್ಲೂ ಬರುತ್ತದೆ, ಈ ಹನಿಗೆ ಅದು ಸಿಗಲ್ಲ ಅಷ್ಟೇ ಎಂದೆ. ಟ್ಯೂಬನ್ನು ಬಿಸಿಲಿಗೆ ಹಿಡಿದು ನೋಡಿದರು.

"ಗುಜರಿಯವ ಕಿಲೋಕ್ಕ ಏನ್ ಕೊಡ್ತಾನ್ರಿ?"